ವಾಸಿಯಾಗದ ಮಂಡಿ

"ಮುಟ್ಟಬೇಡಿ!"

ಅವನ ಕೂಗಿಗೆ ಆಸ್ಪತ್ರೆಯ ವ್ಯಾಯಾಮದ ಹಾಲ್ ಪೂರ್ತಿ ತಿರುಗಿ ನೋಡಿತು. ದೊಡ್ಡ ಚೆಂಡಿನ ಮೇಲೆ ಕುಳಿತಿದ್ದ ತುಂಬುಗರ್ಭಿಣಿ, ಕೋಲು ಹಿಡಿದು ಹೆಜ್ಜೆ ಕಲಿಯುತ್ತಿದ್ದ ಮೇಷ್ಟ್ರು, ಸೊಂಟದ ಆಪರೇಷನ್ ಆಗಿದ್ದ ಅಜ್ಜಿ... ಎಲ್ಲರೂ!

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಫಿಸಿಯೋಥೆರಪಿ ಓದಿ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಎದುರಿಗಿದ್ದವನು ಲಿಫ್ಟ್ ಮೆಕ್ಯಾನಿಕ್. ರಿಪೇರಿಗೆಂದು ಲಿಫ್ಟಿನ ಗುಂಡಿಗೆ ಇಳಿಯುವಾಗ ಬಿದ್ದು ಮಂಡಿ ಮುರಿದುಕೊಂಡಿದ್ದ. ಪ್ಲಾಸ್ಟರ್ ತೆಗೆಸಿ ನೇರ ಇಲ್ಲಿಗೇ ಬಂದಿದ್ದ.

"ಮುಟ್ಟದೇ ವಾಸಿ ಮಾಡೋ ಮಂತ್ರ ನನಗೆ ಬರಲ್ಲ," ಎಂದಳು. ಧ್ವನಿಯೇನೋ ಗಟ್ಟಿಯಾಗಿತ್ತು, ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು.

ಅವನು ಅವಳ ಮುಖವನ್ನೇ ನೋಡಿದ. "ಸರಿ... ನಿಧಾನ ಮೇಡಂ."

ದಿನ ಕಳೆದಂತೆ ಮೇಷ್ಟ್ರು ಕೋಲು ಬಿಟ್ಟರು. ಅಜ್ಜಿ ಕುರ್ಚಿಯಿಂದ ತಾವೇ ಎದ್ದರು. ಅವನ ಮಂಡಿ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

"ಇವತ್ತು ಹೇಗಿದೆ?"

"ಹಾಗೇ ಇದೆ ಮೇಡಂ. ಬಗ್ಗಿಸಿದ್ರೆ ಜೀವ ಹೋಗತ್ತೆ."

ಜೀವ ಹೋಗುವವನ ಕಣ್ಣು ಅಷ್ಟೊಂದು ನಗುವುದುಂಟೆ? ಅಜ್ಜಿ ಅದನ್ನು ಎಂದೋ ಕಂಡುಕೊಂಡಿದ್ದರು. ಅವಳಿಗೆ ಕಾಣಲಿಲ್ಲ. ಅವಳ ಗಮನವೆಲ್ಲ ಆ ಹಾಳು ಮಂಡಿಯ ಮೇಲೆ!

'ಎಕ್ಸ್‌ರೇ ಸರಿಯಿದೆ, ಮೂಳೆ ಕೂಡಿದೆ... ಹಾಗಾದರೆ ತಪ್ಪು ನನ್ನದೇ?'

ಮನೆಯಲ್ಲಿ ತಟ್ಟೆ ಕೈಯಲ್ಲಿ ಹಿಡಿದು ಓಡಾಡುತ್ತಲೇ ತಿನ್ನುತ್ತಿದ್ದಳು. "ಕೂತ್ಕೊಂಡು ತಿನ್ನೇ, ಕಾಲಿಗೆ ಚಕ್ರ ಕಟ್ಕೊಂಡಿದ್ಯಾ?" ಎಂದು ಅಮ್ಮ ಗದರುತ್ತಿದ್ದರು. ಕೂತರೆ ಅವನ ನೆನಪು, ನಿಂತರೆ ಅವನ ಮಂಡಿಯ ಚಿಂತೆ. ಬೆಳಗ್ಗೆ ವ್ಯಾಯಾಮದ ಹಾಲ್‌ನ ಬಾಗಿಲು ತೆರೆದಾಗಲೆಲ್ಲ ಅವನೇ ಬಂದನೇನೋ ಎಂದು ಕತ್ತು ತಾನಾಗಿ ತಿರುಗುತ್ತಿತ್ತು.

'ಪೇಷಂಟ್ ಅವನು! ಥೂ, ಬುದ್ಧಿ ಎಲ್ಲಿಟ್ಟಿದ್ದೀನಿ ನಾನು?'

ಕೊನೆಗೆ ಒಂದು ದಿನ ಅವನ ಎದುರಿಗೇ ಹೇಳಿಬಿಟ್ಟಳು.

"ನಾಳೆಯಿಂದ ನಿಮ್ಮನ್ನ ಬೇರೆಯವರು ನೋಡ್ತಾರೆ. ನಾನು ಕೆಲಸ ಬಿಡ್ತಿದ್ದೀನಿ. ನನ್ನ ಕೈಗುಣ ಸರಿಯಿಲ್ಲ."

ಅವನ ಮುಖ ಕಪ್ಪಿಟ್ಟಿತು. "ಅಯ್ಯೋ, ಹಾಗಲ್ಲ ಮೇಡಂ... ಅದು..."

ಅಷ್ಟರಲ್ಲಿ ಹೊರಗೆ ಕಿರುಚಾಟ! ಕೆಳಗೆ ಹೋಗುತ್ತಿದ್ದ ಲಿಫ್ಟ್ ಮಧ್ಯದಲ್ಲೇ ನಿಂತುಬಿಟ್ಟಿತ್ತು. ಒಳಗೆ ಅಜ್ಜಿ, ಒಬ್ಬರೇ.

"ಉಸಿರು ಕಟ್ತಿದೆ ಕಣ್ರೋ... ಯಾರಾದ್ರೂ ಬಾಗಿಲು ತೆಗೀರೋ!"

ಕಂಪನಿಯವರು ಬರಲು ತುಂಬಾ ಹೊತ್ತಾಗುತ್ತದೆ ಎಂದ ವಾಚ್‌ಮನ್. ಮೆಕ್ಯಾನಿಕ್, ಲಿಫ್ಟಿನ ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತ. ಹಣೆಯ ಬೆವರು ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಅಜ್ಜಿ ಮತ್ತೊಮ್ಮೆ ಕೂಗಿದರು...

ಅವನು ಓಡಿದ!

ತಾರಸಿಯ ಮೇಲಿನ ಮೆಷಿನ್ ರೂಮಿಗೆ, ಎರಡೆರಡು ಮೆಟ್ಟಿಲು ಹಾರುತ್ತಾ. ಅವಳು ಬಾಯಿ ತೆರೆದು ನೋಡುತ್ತಲೇ ಉಳಿದಳು. ಆ ಮಂಡಿ ಎಷ್ಟು ಸಲೀಸಾಗಿ ಬಗ್ಗುತ್ತಿತ್ತು!

ಸ್ವಲ್ಪ ಹೊತ್ತಿಗೆ ಲಿಫ್ಟ್ ಮೆಲ್ಲಗೆ ಮೇಲೆ ಬಂದು ಬಾಗಿಲು ತೆರೆಯಿತು. ಅಜ್ಜಿ ಅವಳ ತೋಳಿಗೆ ಆತುಕೊಂಡು ಹೊರಬಂದರು. ಹಿಂದೆಯೇ ಅವನೂ ಮೆಟ್ಟಿಲಿಳಿದು ಬಂದ. ಅವಳನ್ನು ಕಂಡಕೂಡಲೇ ಕುಂಟತೊಡಗಿದ, ಅದೂ ಪೆಟ್ಟೇ ಬೀಳದ ಇನ್ನೊಂದು ಕಾಲಿನಲ್ಲಿ!

ಅಜ್ಜಿಗೆ ಆ ಸುಸ್ತಿನಲ್ಲೂ ನಗು ತಡೆಯಲಾಗಲಿಲ್ಲ. "ಇನ್ನಾದ್ರೂ ಬಾಯಿ ಬಿಡಪ್ಪಾ," ಎನ್ನುತ್ತಾ ಗೋಡೆ ಹಿಡಿದುಕೊಂಡು ಒಳಗೆ ಹೋದರು.

"ಯಾವತ್ತಿನಿಂದ ಈ ನಾಟಕ?" ಅವಳ ಕಣ್ಣು ತುಂಬಿತ್ತು. "ನಾನು ನಿದ್ದೆಗೆಟ್ಟೆ. ಓದಿದ್ದೆಲ್ಲ ದಂಡ ಅಂತ ಅತ್ತೆ. ನಿಮಗೆ ತಮಾಷೆನಾ?"

"ತಪ್ಪಾಯ್ತು." ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. "ಮೊದಮೊದಲು ಭಯ. ವಾಸಿಯಾಯ್ತು ಅಂದ್ರೆ ಮತ್ತೆ ಲಿಫ್ಟ್ ಕೆಲಸಕ್ಕೆ ಹೋಗ್ಬೇಕಲ್ಲ... ಕಣ್ಣು ಮುಚ್ಚಿದ್ರೆ ಮತ್ತೆ ಬೀಳ್ತಿರೋ ಹಾಗಾಗ್ತಿತ್ತು. ಇಲ್ಲಿಗೆ ಬಂದ್ರೆ ಮಾತ್ರ ಮನಸ್ಸು ನಿಲ್ತಿತ್ತು."

"ಆಮೇಲೆ?"

"ಆಮೇಲೆ... ನೀವು. ವಾಸಿಯಾಯ್ತು ಅಂದ್ರೆ ನಿಮ್ಮನ್ನ ನೋಡೋದು ಹೇಗೆ? ನಿಮಗೆ ಇಷ್ಟು ನೋವಾಗತ್ತೆ ಅಂತ ಯೋಚನೆನೇ ಮಾಡ್ಲಿಲ್ಲ. ನಾನು ದಡ್ಡ."

ಅವಳಿಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು. ತನ್ನ ಕೈಗಳಲ್ಲಿ ತಪ್ಪಿರಲಿಲ್ಲ ಎಂಬ ಸಮಾಧಾನವೂ ಆಯಿತು. ಅದಕ್ಕಿಂತ ಹೆಚ್ಚಾಗಿ ಅವನ ಪಕ್ಕ ಕೂರಬೇಕೆನಿಸಿತು. ಕುಳಿತಳು.

"ಮಂಡಿ ಎಂದೋ ವಾಸಿಯಾಗಿದೆ ಅಂತ ದೊಡ್ಡ ಡಾಕ್ಟರ್ ಹತ್ರ ನೀವೇ ಹೋಗಿ ಹೇಳ್ಬೇಕು. ಆ ಭಯದ ಬಗ್ಗೆನೂ ಹೇಳ್ಬೇಕು. ಅದಕ್ಕೂ ಔಷಧಿ ಇದೆ."

"ಈಗ್ಲೇ ಹೇಳ್ತೀನಿ. ನೀವು ಕೆಲಸ ಬಿಡಲ್ಲ ತಾನೆ?"

"ಬಿಡಲ್ಲ. ಆದ್ರೆ ಇನ್ಮೇಲೆ ನೀವು ನನ್ನ ಪೇಷಂಟ್ ಅಲ್ಲ."

ಅವನು ತಲೆ ತಗ್ಗಿಸಿದ. "ಹಾಗಾದ್ರೆ... ನಾನು ಬರೋದೇ ಬೇಡ್ವಾ?"

"ಸಂಜೆ ನನ್ನ ಕೆಲಸ ಮುಗಿದ ಮೇಲೆ ಬನ್ನಿ. ಪಾರ್ಕಲ್ಲಿ ವಾಕಿಂಗ್ ಹೋಗೋಣ."

"ವಾಕಿಂಗಾ? ಯಾರಿಗೆ?"

"ನನಗೆ! ನಿಂತಲ್ಲಿ ನಿಲ್ಲಕ್ಕಾಗಲ್ಲ, ಕೂತಲ್ಲಿ ಕೂರಕ್ಕಾಗಲ್ಲ. ಈ ಕಾಯಿಲೆ ತಂದಿಟ್ಟವರು ನೀವು. ನೀವೇ ವಾಸಿ ಮಾಡಿ."

ಅವನು ಅಳುಕುತ್ತಲೇ ಅವಳ ಬೆರಳು ಹಿಡಿದ. "ಅದು ಬೇಗ ವಾಸಿಯಾಗೋ ಕಾಯಿಲೆ ಅಲ್ಲ ಮೇಡಂ..."

"ಪರವಾಗಿಲ್ಲ," ಎಂದಳು ಅವಳು. "ನನಗೇನೂ ಅವಸರ ಇಲ್ಲ."