ಖಾತುನಬಿಯ ಗೋಡೆಯ ಕಡಲು

1963ರ ಬೇಸಿಗೆ. ನಾನಾಗ ನಾಲತವಾಡದ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರ. ತುರ್ಕಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಚಿತ್ರಕಾರ ನೆಜಾತರು ವಿಜಾಪುರದ ಗುಮ್ಮಟ ನೋಡಲು ಬಂದವರು, ನನ್ನ ಮನೆಯಲ್ಲಿ ಕೆಲವು ದಿನ ಉಳಿದಿದ್ದರು. ಪರದೇಶದಲ್ಲಿ ಇಪ್ಪತ್ತು ವರ್ಷ ಅವರು ಬರೆದದ್ದು ತಮ್ಮೂರಿನ ಕಡಲನ್ನೇ. ಆದರೆ ಯಾವ ಚಿತ್ರದಲ್ಲೂ ದೋಣಿ ಇರಲಿಲ್ಲ. ಅವರ ತಂದೆ ದೋಣಿಯಲ್ಲಿ ಹೋದವರು ತಿರುಗಿ ಬರಲಿಲ್ಲವಂತೆ.

ನೆರೆಮನೆಯ ಮುದುಕಿ ಖಾತುನಬಿ ಹೊಸದಾಗಿ ಸುಣ್ಣ ಬಳಿದ ಪಡಸಾಲೆಯ ಗೋಡೆ ಕೊಟ್ಟಳು. ಅಲ್ಲೂ ಅದೇ ಕಡಲು ಮೂಡಿತು.

“ಇಷ್ಟ ನೀರೈತಿ, ಒಂದ ದೋಣಿ ಬ್ಯಾಡೇನ್ರಿ?” ಎಂದಳು.

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ನೆಜಾತರು ಸಣ್ಣ ಕುಂಚ ಆರಿಸಿಕೊಂಡು, ದೂರದಲ್ಲಿ ಎಳ್ಳಿನಷ್ಟು ದೋಣಿ ಬರೆದರು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಅಂಥ ಬಿಸಿಲಿನಲ್ಲೂ ಪಡಸಾಲೆ ಬಾವಿಯೊಳಗಿನಂತೆ ತಣ್ಣಗಿತ್ತು. ಗೋಡೆ ಹಸಿಯಾಗಿತ್ತು, ಮುಟ್ಟಿದ ಬೆರಳು ನಾಲಿಗೆಗೆ ಉಪ್ಪೆನಿಸಿತು. ದೋಣಿ ದಡಕ್ಕೆ ಬಂದು ನಿಂತಿತ್ತು, ಅಂಗೈಯಗಲ, ಖಾಲಿ.

ಖಾತುನಬಿ ನೆಜಾತರನ್ನೇ ಕೇಳಿದಳು: “ನಸುಕಿನ್ಯಾಗ ನೀರ ಕುಡದ ಎಲ್ಲಿಗೆ ಹೋದ್ರಿ? ಕತ್ತಲದಾಗ ಮಾರಿ ಕಾಣಲಿಲ್ಲ. ‘ಸು, ಸು’ ಅಂತ ಕೈ ಮಾಡಿದ್ರಿ. ನೀರಡಿಕಿ ಆಗಿರಬೇಕಂತ ಚರಗಿ ತುಂಬ ನೀರ ಕೊಟ್ಟೆ.”

ನಾನು ತಿಳಿಸಿ ಹೇಳಿದ ಮೇಲೆ ನೆಜಾತರು ಚಪ್ಪಲಿ ಕಳಚಿ, ಮಸೀದಿಗೆ ಬಂದವರಂತೆ ಗೋಡೆಯೆದುರು ಮಂಡಿಯೂರಿದರು.

“ನಮ್ಮ ಭಾಷೆಯಲ್ಲಿ ಸು ಎಂದರೆ ನೀರು,” ಎಂದರು ಮೆಲ್ಲಗೆ.

ಆ ಭಾಷೆ ನಮ್ಮೂರಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಅವರೋ ಬೆಳಗಾಗುವವರೆಗೆ ನನ್ನ ಪಕ್ಕದ ಹೊರಸಿನಲ್ಲೇ ಮಲಗಿದ್ದರು. ಸೆಕೆಗೆ ಆ ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ.