ಗೆರೆ ದಾಟಿದ ಸೊನ್ನೆ

"ಗೆರೆ ದಾಟಿದೆ. ಮಾರ್ಕ್ ಇಲ್ಲ."

ಕೋಚಿಂಗ್ ಕ್ಲಾಸಿನಲ್ಲಿ ಪಕ್ಕದ ಸೀಟಿನವನು ನನ್ನ ಜೊತೆ ಆಡಿದ ಮೊದಲ ಮಾತೇ ಇದು. ಪ್ರತಿ ಶನಿವಾರ ಮಾಡೆಲ್ ಟೆಸ್ಟ್ ಮುಗಿದ ಮೇಲೆ ಅಕ್ಕಪಕ್ಕದವರು ಸೊನ್ನೆ ತುಂಬಿದ ಓಎಂಆರ್ ಹಾಳೆ ಅದಲುಬದಲು ಮಾಡಿಕೊಂಡು ತಿದ್ದಬೇಕು. ನನ್ನ ಗ್ರಹಚಾರಕ್ಕೆ ನನ್ನ ಹಾಳೆ ಅವನ ಕೈಗೆ. ಸರಿಯಾದ ಉತ್ತರದ ಸೊನ್ನೆಯನ್ನೇ ಕಪ್ಪು ಮಾಡಿದ್ದೆ. ಶಾಯಿ ಕೂದಲೆಳೆಯಷ್ಟು ಆಚೆ ಹೋಗಿತ್ತು, ಅಷ್ಟೇ. ಅಂಥ ಹನ್ನೊಂದು ಉತ್ತರಗಳಿಗೆ ಕೆಂಪು ಪೆನ್ನಿನಲ್ಲಿ ಕಾಟು ಹಾಕಿದ್ದ.

"ಉತ್ತರ ಸರಿ ಇದೆಯಲ್ಲೋ, ಕಣ್ಣು ಕಾಣಲ್ವಾ?"

"ನನಗೆ ಕಾಣತ್ತೆ. ಮೆಷಿನ್‌ಗೆ ಕಾಣಲ್ಲ, ಗೀಚಲಮ್ಮ."

ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಅವನಿಗೆ ನಾನಿಟ್ಟ ಹೆಸರು ಕಟುಕ.

ಮೆಡಿಕಲ್ ಸೀಟಿಗೆ ನನ್ನದು ಎರಡನೇ ಪ್ರಯತ್ನ. "ಇದೇ ಕೊನೇ ಸಲ" ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮನೆಯಲ್ಲಿ ಆ ಮಾತು, ಇಲ್ಲಿ ಈ ಕೆಂಪು ಪೆನ್ನು. ಎಂಟು ತಿಂಗಳು ಹಲ್ಲು ಕಡಿಯುತ್ತಲೇ ಸೊನ್ನೆ ತುಂಬುವುದನ್ನು ಕಲಿತೆ. ಸೇಡಿಗೆಂದು ಅವನ ಹಾಳೆಯಲ್ಲಿ ಹುಡುಕಿ ಹುಡುಕಿ ಸೋತೆ. ಒಂದು ಸೊನ್ನೆಯೂ ಗೆರೆ ದಾಟುತ್ತಿರಲಿಲ್ಲ. ತಿದ್ದುವಾಗ ಅವನು ಕೆಳತುಟಿ ಕಚ್ಚಿಕೊಳ್ಳುವುದನ್ನು ಮಾತ್ರ ಅದು ಹೇಗೋ ಗಮನಿಸಿಬಿಟ್ಟಿದ್ದೆ. ಅದಕ್ಕೂ ಸಿಟ್ಟು ಬಂತು.

ರಿಸಲ್ಟ್ ಬಂತು. ಎರಡೇ ಎರಡು ಮಾರ್ಕಿನ ಅಂತರದಲ್ಲಿ ನನಗೆ ಸೀಟು ಸಿಕ್ಕಿತು. ಅವನಿಗೆ ಸಿಗಲಿಲ್ಲ. ಜಂಬ ಕೊಚ್ಚಿಕೊಳ್ಳಬೇಕೆಂದೇ ಕ್ಲಾಸಿಗೆ ಹೋದೆ. ಅದೇ ಬೆಂಚಿನಲ್ಲಿ ಒಬ್ಬನೇ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದ.

"ನನ್ನನ್ನ ಅಷ್ಟೊಂದು ಗೋಳು ಹುಯ್ಕೊಂಡಿದ್ದು ಯಾಕೋ?"

"ಹೋದ ವರ್ಷ ನನ್ನ ಸೀಟು ಹೋಗಿದ್ದೇ ಹೀಗೆ, ಗೆರೆ ದಾಟಿ." ತಲೆ ಎತ್ತಲಿಲ್ಲ. "ಈ ಸಲ ಫಿಸಿಕ್ಸ್ ಕೈಕೊಡ್ತು. ನಿಂದೂ ಹಾಗೆ ಗೆರೆ ದಾಟಿ ಹೋಗೋದು ಬೇಡ ಅನ್ನಿಸಿತ್ತು."

"ಬಾಯಿಬಿಟ್ಟು ಹೇಳೋಕೇನು ಧಾಡಿ?"

"ಹೇಳಿದ್ರೆ ಕೇಳೋಳಾ ನೀನು? ಸಿಟ್ಟಿಗಾದ್ರೂ ಕಲೀತೀಯ ಅಂತ."

ಸಿಟ್ಟು ಹಾಗೇ ಇತ್ತು, ಜೊತೆಗೆ ಅಳುವೂ ಬಂತು. ಹಾಳೆ ಕಿತ್ತುಕೊಂಡು ಕೊನೆಯ ಪ್ರಶ್ನೆಯ ಕೆಳಗೆ ಇನ್ನೊಂದನ್ನು ಬರೆದೆ: 'ಈ ಜಗಳಗಂಟಿ ಬೇಕಾ?' ಪಕ್ಕದಲ್ಲಿ ಒಂದೇ ಒಂದು ಸೊನ್ನೆ.

"ಬೇರೆ ಆಪ್ಷನ್ನೇ ಇಲ್ವಲ್ಲ?"

"ಇಲ್ಲ. ಸುಮ್ನೆ ತುಂಬು."

ಕೆಳತುಟಿ ಕಚ್ಚಿಕೊಂಡು ತುಂಬತೊಡಗಿದ. ನಾನು ಕಂಡಂತೆ ಮೊದಲ ಸಲ ಅವನ ಶಾಯಿ ಸುತ್ತಲೂ ಹರಡಿತು. ಅವನ ಕೆಂಪು ಪೆನ್ನನ್ನು ನಾನೇ ಎತ್ತಿಕೊಂಡೆ.

"ಗೆರೆ ದಾಟಿದೆ. ಮಾರ್ಕ್ ಇಲ್ಲ."

ಈಗ ತಲೆ ಎತ್ತಿ ನೋಡಿದ.

"ಮೆಷಿನ್‌ಗೆ ತಾನೇ ಕಾಣದೇ ಇರೋದು? ನಿನಗೆ ಕಾಣತ್ತಲ್ಲ, ಸಾಕು."