ಪುರಭವನದ ಬೆಚ್ಚನೆಯ ಅಂಗಳ

ಅವತ್ತು ಪುರಸಭೆಯಲ್ಲಿ ಇಲ್ಪೊ ತುವೊಮೆಲಾ ಒಂದು ಗಂಟೆ ಮಾತಾಡಿದ. ಅಷ್ಟು ಹೊತ್ತಿನಲ್ಲಿ ಔಲಿಸ್ ಕಾಯಾಂದೆರ್‌ನ ಕಿವಿಗೆ ಬಿದ್ದದ್ದು ಒಂದೇ ಮಾತು.

"ಔಲಿಸ್, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ ಮಾರಾಯ. ಆದ್ರೆ ನಿನ್ನ ಇರ್ಯಾಳನ್ನ ಕೊಂದದ್ದು ನೀನು ಕಾಪಾಡ್ಕೊಂಡು ಬಂದ ಕಲ್ಲುಗಳೇ."

ಯಾರೂ ನಗಲಿಲ್ಲ. ಯಾರೂ ತಕರಾರನ್ನೂ ಎತ್ತಲಿಲ್ಲ, ಔಲಿಸ್‌ಗೆ ನೆನಪಿರುವುದು ಅದು. ಇರ್ಯಾ ಅವನ ಹೆಂಡತಿ. ಫೆಬ್ರವರಿಯಲ್ಲಿ ಪುರಭವನದ ಮೆಟ್ಟಿಲ ಮುಂದೆ, ಅಂಗಳಕ್ಕೆ ಹಾಸಿದ್ದ, ಮಂಜುಗಡ್ಡೆ ಕಟ್ಟಿದ ಗುಂಡುಕಲ್ಲಿನ ಮೇಲೆ, ಬ್ರೆಡ್ಡಿನ ಚೀಲ ಹಿಡಿದವಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಈಸ್ಟರ್ ಹಬ್ಬ ನೋಡಲು ಉಳಿಯಲಿಲ್ಲ. ಆ ಗುಂಡುಕಲ್ಲುಗಳು ತ್ಸಾರ್ ದೊರೆಗಳ ಕಾಲದವು. ಅವನ್ನು ಕಿತ್ತು ಹಾಕುವ ಒಂದೊಂದು ಪ್ರಯತ್ನವನ್ನೂ ರೂಸಲಹ್ತಿ ಊರಿನ ಇತಿಹಾಸ ಸಂಘದ ಅಧ್ಯಕ್ಷನಾಗಿ ಔಲಿಸ್ ವರ್ಷಗಟ್ಟಲೆ ತಡೆದು ನಿಲ್ಲಿಸಿದ್ದ. ನೀರಿನ ನಲ್ಲಿ, ಪೈಪು ಮಾರುವ ಅಂಗಡಿಯ ಇಲ್ಪೊ ನಗರ ಸುಧಾರಣಾ ಸಮಿತಿಯ ಮುಖ್ಯಸ್ಥ. ಅಂಗಳಕ್ಕೆ ಚಪ್ಪಟೆ ಗ್ರಾನೈಟ್ ಹಾಸಬೇಕು, ಅಡಿಯಲ್ಲಿ ಬಿಸಿನೀರಿನ ಕೊಳವೆ ಓಡಿಸಬೇಕು, ಬಿದ್ದ ಹಿಮ ಬಿದ್ದಲ್ಲೇ ಕರಗಬೇಕು ಎಂಬುದು ಅವನ ಹಟ. ಆ ಒಂದು ಗಂಟೆ ಅವನು ಕೊಳವೆ, ಹಾಸು, ಬಾಯ್ಲರ್ ಎಂದು ಏನೇನೋ ಎತ್ತೆತ್ತಿ ತೋರಿಸಿ ವಿವರಿಸುತ್ತಿದ್ದಾಗ ಔಲಿಸ್ ಗೋಡೆಯ ಮೇಲಿನ ಹಳೆಯ ಮೇಯರುಗಳ ಚಿತ್ರ ನೋಡುತ್ತ ಕೂತಿದ್ದ. ಕೊನೆಗೆ ಎಲ್ಲರೂ ಕೈ ಎತ್ತಿದರು. ತನ್ನ ಕೈಯೂ ಮೇಲಿತ್ತೆಂದು ಔಲಿಸ್‌ಗೆ ತಿಳಿದದ್ದು ಆಮೇಲೆ.

ಅವನಿಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ದವಡೆ ಹೇಗಾಗುತ್ತದೋ ಹಾಗಾಗಿತ್ತು ಮೈಯೆಲ್ಲ. ತಿಂದದ್ದಕ್ಕೆ ರುಚಿಯಿರಲಿಲ್ಲ, ಸೌನಾದ ಹಬೆಸ್ನಾನದ ಬಿಸಿ ಚರ್ಮದ ಒಳಕ್ಕೆ ಇಳಿಯುತ್ತಿರಲಿಲ್ಲ. ಒಂದೇ ಒಂದು ಕಡೆ ಮಾತ್ರ ನೋವಿತ್ತು, ಆ ನೋವಿಗೆ ಇಲ್ಪೊ ಎಂದು ಹೆಸರು. ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ಔಲಿಸ್ ಒಂದು ಸಲವೂ ಕೇಳಿಕೊಳ್ಳಲಿಲ್ಲ. ನಿಜವೆಂದು ಗೊತ್ತಿದ್ದರಿಂದಲೇ ಕೇಳಿಕೊಳ್ಳಲಿಲ್ಲ.

ಕೊಲ್ಲುವುದು ಕಷ್ಟವಲ್ಲ, ಹೆಣವನ್ನು ಬಚ್ಚಿಡುವುದು ಕಷ್ಟ. ಜೀವಮಾನವಿಡೀ ನೆಲ ಅಗೆಯುವವರ ಜತೆ ತಿರುಗಿದ ಔಲಿಸ್‌ಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮೇ ತಿಂಗಳಲ್ಲಿ ಮ್ಯೂಸಿಯಮ್ಮಿನವರು ಬಂದು ಕಲ್ಲು ಕಿತ್ತ ಅಂಗಳದ ಮಣ್ಣನ್ನು ಜರಡಿ ಹಿಡಿದು, ಹಸುವಿನ ಮೂಳೆ ಮತ್ತು ಮುರಿದ ಮಣ್ಣಿನ ಚಿಲುಮೆ ಬಿಟ್ಟರೆ ಏನೂ ಇಲ್ಲವೆಂದು ಷರಾ ಬರೆದು ಹೋಗಿದ್ದರು. ಇನ್ನು ಅಲ್ಲಿ ಮತ್ತೊಮ್ಮೆ ಅಗೆಯಲು ಯಾರಿಗೂ ಕಾರಣವಿಲ್ಲ. ಮೇಲೆ ಗ್ರಾನೈಟ್ ಕೂತರಂತೂ ಮೊಮ್ಮಕ್ಕಳ ಕಾಲಕ್ಕೂ ಯಾರೂ ಕೈ ಹಾಕುವುದಿಲ್ಲ. ಕೆಲಸದ ಜಾಗಕ್ಕೆ ಸುತ್ತ ಎತ್ತರದ ಹಲಗೆ ಬೇಲಿಯಿತ್ತು. ಹಳೆಯ ವಸ್ತು ಸಿಕ್ಕರೆ ನೋಡಲಿ ಎಂದು ಅದರ ಬೀಗದ ಕೈಯನ್ನು ಇತಿಹಾಸ ಸಂಘಕ್ಕೆ ಕೊಟ್ಟವನು ಇಲ್ಪೊನೇ. ಔಲಿಸ್ ಜಾಗವನ್ನು ಹುಡುಕಬೇಕಾಗಲಿಲ್ಲ. ಇರ್ಯಾ ಬಿದ್ದ ಜಾಗವೇ ಸರಿ ಎಂದುಕೊಂಡ.

ದಿನವೂ ತಾನಾಗಿ ಬಂತು. ಜೂನಿನ ಯುಹಾನ್ನುಸ್ ಎಂಬ ನಡುಬೇಸಿಗೆಯ ಹಬ್ಬಕ್ಕೆ ಊರಿಗೆ ಊರೇ ಖಾಲಿಯಾಗುತ್ತದೆ. ಎಲ್ಲರೂ ಎದುರಿನ ಕೊಲ್ಲಿಯ ದ್ವೀಪಗಳಲ್ಲಿರುವ ಗುಡಿಸಲಿಗೆ ಹೋಗಿ ಬೆಂಕಿ ಹಾಕಿ, ಕುಡಿದು, ದೋಣಿಯಲ್ಲಿ ಎದ್ದು ನಿಲ್ಲುತ್ತಾರೆ. ಮುಳುಗಿದವರು ಈ ವರ್ಷ ಎಷ್ಟು ಎಂದು ಹಬ್ಬದ ಮಾರನೆಯ ದಿನ ರೇಡಿಯೊ ಹೇಳುತ್ತದೆ, ಜನ ಕಾಫಿ ಕುಡಿಯುತ್ತ ಕೇಳುತ್ತಾರೆ. ಆ ಲೆಕ್ಕಕ್ಕೆ ಇನ್ನೊಬ್ಬ ಸೇರಿದರೆ ಯಾರೂ ಬೆಚ್ಚಿ ಬೀಳುವುದಿಲ್ಲ.

ಹಬ್ಬದ ಹಿಂದಿನ ದಿನ ಬೇಕರಿಯ ಮುಂದೆ ಇಲ್ಪೊ ಸಿಕ್ಕಿದ. ಸಿಕ್ಕುವಂತೆ ಔಲಿಸ್ ನೋಡಿಕೊಂಡಿದ್ದ.

"ಮೆಟ್ಟಿಲ ಹತ್ರ ಆಳದಲ್ಲಿ ಕೆತ್ತನೆ ಕಲ್ಲು ಇದ್ದ ಹಾಗಿದೆ, ಇಲ್ಪೊ. ಕೊಳವೆ ಹಾಕೋ ಮುಂಚೆಯೇ ಕಂಡಿತ್ತು, ಇನ್ನೂ ಯಾರಿಗೂ ಹೇಳಿಲ್ಲ."

"ಅಯ್ಯೋ, ಹೇಳ್ಬೇಡ ಮಾರಾಯ! ಮ್ಯೂಸಿಯಮ್ಮಿನವರ ಕಿವಿಗೆ ಬಿದ್ರೆ ಎರಡು ವರ್ಷ ಕೆಲ್ಸ ನಿಲ್ಲಿಸ್ತಾರೆ. ನಾಳೆ ಮಧ್ಯಾಹ್ನ ದೋಣಿ ಹತ್ತೋ ಮುಂಚೆ ಬರ್ತೀನಿ, ನಾನೊಬ್ನೇ. ಹೆಂಡ್ತಿ ಸಿನಿಕ್ಕಾ ಇವತ್ತೇ ದ್ವೀಪಕ್ಕೆ ಹೋಗ್ತಾಳೆ, ಅವಳಿಗೂ ಹೇಳಲ್ಲ." ಇಲ್ಪೊ ಅವನ ತೋಳು ಹಿಡಿದ. "ನೀನು ದೊಡ್ಡ ಮನುಷ್ಯ ಕಣೋ. ಆವತ್ತು ನಾನು ಇರ್ಯಾಳ ಹೆಸರು ಎತ್ತಬಾರ್ದಿತ್ತು. ನಾಲಿಗೆ ನನ್ನ ಕೈಲಿರಲಿಲ್ಲ."

ಔಲಿಸ್‌ಗೆ ಆ ಮಾತು ಕೇಳಿಸಿತು. ಒಳಕ್ಕೆ ಹೋಗಲಿಲ್ಲ ಅಷ್ಟೆ.

ಹಬ್ಬದ ಬೆಳಗ್ಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಮೆಟ್ಟಿಲ ಮುಂದಿನ ಮೂಲೆಯಲ್ಲಿ ಕೆಲಸದವರು ಕೊಳವೆ ಜೋಡಿಸಿ ಮರಳೂ ಹರಡಿ ಹೋಗಿದ್ದರು. ರಜೆಯ ನಂತರ ಅದರ ಮೇಲೆ ಕಲ್ಲು ಕೂರಿಸುವುದಷ್ಟೇ ಬಾಕಿ. ಔಲಿಸ್ ಮರಳನ್ನು ಒಂದು ಪಕ್ಕಕ್ಕೆ ಎಳೆದ. ಕೊಳವೆಗಳನ್ನು ಮಗುವಿನ ಕೈ ಹಿಡಿದಷ್ಟು ನಾಜೂಕಾಗಿ ಬಿಡಿಸಿ ಸರಿಸಿದ. ಒಂದು ಕೊಳವೆ ಸೋರಿದರೂ ಎಲ್ಲವನ್ನೂ ಅಗೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಕೊಳವೆಯ ಅಡಿಯಲ್ಲಿ ಥರ್ಮೋಕೋಲಿನ ದಪ್ಪ ಹಲಗೆಗಳಿದ್ದವು, ಟಿವಿ ಪೆಟ್ಟಿಗೆಯಲ್ಲಿ ತುಂಬಿ ಬರುತ್ತದಲ್ಲ, ಅಂಥವು. ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಇದರ ಮೇಲೆ ಊರನ್ನು ನಿಲ್ಲಿಸುತ್ತಾರಂತೆ ಎಂದು ಮೂಗು ಮುರಿದ. ಸನಿಕೆ ಹಾಕಿ ಮೀಟಿದಾಗ ಅವು ಮುರಿದು ಬಂದವು. ಆಮೇಲೆ ಮಣ್ಣು ಸಲೀಸಾಗಿತ್ತು.

ಇಲ್ಪೊ ಬಂದಾಗ ಗುಂಡಿ ಸಿದ್ಧವಾಗಿತ್ತು. ಹಬ್ಬದ ಬಿಳಿ ಅಂಗಿ ತೊಟ್ಟಿದ್ದ, ಬಿಯರಿನ ಬುಟ್ಟಿಯನ್ನು ದೋಣಿಯಲ್ಲಿಟ್ಟು ಬಂದಿದ್ದ. ಗುಂಡಿಯ ಅಂಚಿನಲ್ಲಿ ಕೂತು ಬಗ್ಗಿ ನೋಡಿದ.

"ಎಲ್ಲೋ ನಿನ್ನ ಕಲ್ಲು?" ಎಂದವನ ಕಣ್ಣು ಪಕ್ಕದ ಬಿಳಿ ಚೂರುಗಳ ಮೇಲೆ ಹೋಯಿತು. "ಅಯ್ಯೋ ನಿನ್ನ, ಹಾಸೆಲ್ಲ ಮುರಿದು ಹಾಕಿದ್ದೀಯಲ್ಲೋ! ಇದಿಲ್ಲದಿದ್ರೆ..."

ಕಲ್ಲುಕುಟಿಗರ ಸುತ್ತಿಗೆ ಅವನ ತಲೆಯ ಮೇಲೆ ಬಿತ್ತು. ಮಾತು ಮುಗಿಯುವವರೆಗೆ ಕಾಯಬೇಕೆಂದು ಔಲಿಸ್‌ಗೆ ಅನ್ನಿಸಲಿಲ್ಲ. ಅವನು ಗೆದ್ದ ಭಾವಕ್ಕಾಗಿ ಒಂದು ಗಳಿಗೆ ಕಾದ. ಏನೂ ಬರಲಿಲ್ಲ, ಬೆನ್ನು ನೋಯುತ್ತಿತ್ತು.

ಮುಂದಿನದರಲ್ಲಿ ಅವನ ಬುದ್ಧಿವಂತಿಕೆಯೆಲ್ಲ ಇತ್ತು. ಹೂತ ನೆಲ ವರ್ಷ ಕಳೆದಂತೆ ಕುಸಿಯುತ್ತದೆ, ಚರ್ಚಿನ ಹಳೆಯ ಸಮಾಧಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಕುಸಿದರೆ ಗ್ರಾನೈಟ್ ಇಳಿಯುತ್ತದೆ, ನೀರು ನಿಲ್ಲುತ್ತದೆ, ಯಾರೋ ಕಲ್ಲು ಎಬ್ಬಿಸುತ್ತಾರೆ. ಆದ್ದರಿಂದ ಅವನು ಹೆಣದ ಮೇಲೆ ಬರೀ ಮಣ್ಣು ಮುಚ್ಚಿ ಬಿಡಲಿಲ್ಲ. ಮೂಲೆಯಲ್ಲಿ ರಾಶಿ ಹಾಕಿದ್ದ ಆ ಹಳೆಯ ಗುಂಡುಕಲ್ಲುಗಳನ್ನೇ ತಂದು ಒಂದಕ್ಕೊಂದು ಬಿಗಿಯಾಗಿ ಕೂರಿಸಿ, ಸಂದಿಗೆ ಚೂರು ತುರುಕಿ, ಗುದ್ದಿ ಗುದ್ದಿ ಕೊಳವೆಯ ಮಟ್ಟಕ್ಕೆ ತಂದ. ಹೆಚ್ಚಾದ ಮಣ್ಣು ಅಲ್ಲೇ ಇದ್ದ ಮಣ್ಣಿನ ದಿಬ್ಬಕ್ಕೆ ಸೇರಿತು. ಥರ್ಮೋಕೋಲಿನ ಚೂರುಗಳು ಕಸದ ತೊಟ್ಟಿಗೆ ಹೋದವು, ಅಂಥವು ಅಲ್ಲಿ ಬೇಕಾದಷ್ಟಿದ್ದವು. ಕೊಳವೆಗಳನ್ನು ಮೊದಲಿದ್ದಂತೆಯೇ ಇಟ್ಟು, ಮರಳು ಹರಡಿ, ಕುಂಟೆ ಎಳೆದ. ಈ ಇಡೀ ಅಂಗಳದಲ್ಲಿ ನೆಟ್ಟಗೆ ಕಟ್ಟಿದ ಜಾಗವೆಂದರೆ ಇದೊಂದೇ ಎಂದುಕೊಂಡ. ಹೆಂಡತಿ ಸತ್ತ ಮೇಲೆ ಅವನಿಗೆ ಸಮಾಧಾನವಾದದ್ದು ಅದೇ ಮೊದಲು.

ಇಲ್ಪೊನ ದೋಣಿಯಲ್ಲಿ ಬಿಯರ್ ಡಬ್ಬಿಗಳನ್ನು ತೆರೆದು ಚೆಲ್ಲಿ, ಹಗ್ಗ ಬಿಚ್ಚಿ ನೂಕಿದ. ನೆಲದ ಕಡೆಯಿಂದ ಬೀಸುತ್ತಿದ್ದ ಗಾಳಿ ಅದನ್ನು ಕೊಲ್ಲಿಗೆ ಒಯ್ದಿತು. ಖಾಲಿ ದೋಣಿ ಸಿಕ್ಕಿದ ಮೇಲೆ ಎರಡು ದಿನ ಹುಡುಕಿದರು. "ಉಚ್ಚೆ ಹೊಯ್ಯಕ್ಕೆ ಎದ್ದು ನಿಂತಿರ್ತಾನೆ, ಪಾಪ" ಎಂದರು ಪೊಲೀಸಿನವರು. ಕೊಲ್ಲಿ ಆಳ, ಎಷ್ಟೋ ಜನ ಅಲ್ಲಿಂದ ಮರಳಿ ಬಂದಿಲ್ಲ. ಜುಲೈಯಲ್ಲಿ ಕೊಳವೆಗಳಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡಿದಾಗ ಔಲಿಸ್ ಅಲ್ಲೇ ನಿಂತಿದ್ದ. "ಒಂದು ಹನಿ ಸೋರಲ್ಲ!" ಎಂದ ಮೇಸ್ತ್ರಿ ರೇಯೊ. ಗ್ರಾನೈಟ್ ಕೂತಿತು. ಕಾಫಿಗೆ ಕರೆದ ಸಿನಿಕ್ಕಾ ಏಲಕ್ಕಿ ಬನ್ನು ಮುಂದಿಟ್ಟು, "ಗಂಡನ್ನ ಕಳ್ಕೊಂಡ್ರೆ ಏನು ಮಾಡ್ತಾರೆ ಔಲಿಸ್? ನೀನು ಹೇಗಿದ್ದೀಯ?" ಎಂದು ಕೇಳಿದಳು. "ಸುಮ್ಮನೆ ಇರ್ತಾರೆ," ಎಂದ ಅವನು. ಅದು ಸುಳ್ಳಾಗಿರಲಿಲ್ಲ.

ನವೆಂಬರಿನಲ್ಲಿ ಇಲ್ಪೊನ ಹೆಸರಿನಲ್ಲೇ ಅಂಗಳದ ಉದ್ಘಾಟನೆ ಇಟ್ಟುಕೊಂಡರು. ಬಾಯ್ಲರನ್ನು ಹಿಂದಿನ ದಿನವೇ ಹೊತ್ತಿಸಿದ್ದರು. ಬ್ಯಾಂಡು, ಕಾಫಿ, ಮೇಯರರ ಭಾಷಣ. ಭಾಷಣದ ನಡುವೆ ವರ್ಷದ ಮೊದಲ ಹಿಮ ಬೀಳತೊಡಗಿತು. ಛಾವಣಿ, ಮರ, ಟೋಪಿಗಳೆಲ್ಲ ಬೆಳ್ಳಗಾದರೂ ಅಂಗಳ ಮಾತ್ರ ಕಪ್ಪಗೆ, ಒದ್ದೆಯಾಗಿ ಹೊಳೆಯಿತು. ಜನ ಚಪ್ಪಾಳೆ ಹೊಡೆದರು, ಮುದುಕಿಯೊಬ್ಬಳು ಬೇಕೆಂದೇ ಕಾಲು ಜಾರಿಸಿ ನೋಡಿ ನಕ್ಕಳು. ಸಿನಿಕ್ಕಾ ಅಳುತ್ತ ಔಲಿಸ್‌ನ ತೋಳು ಹಿಡಿದುಕೊಂಡಳು. ಇಬ್ಬರೂ ಮೆಟ್ಟಿಲ ಕಡೆ ನಡೆದರು.

ಮೆಟ್ಟಿಲ ಮುಂದೆ ಯಾರೋ ಬಿಳಿ ಬಟ್ಟೆ ಹಾಸಿದ್ದಾರೆಂದುಕೊಂಡ ಔಲಿಸ್. ಬಟ್ಟೆಯಲ್ಲ, ಹಿಮ, ಒಬ್ಬ ಮನುಷ್ಯ ಮಲಗುವಷ್ಟು ಉದ್ದ, ಒಬ್ಬ ಮನುಷ್ಯ ಮಲಗುವಷ್ಟು ಅಗಲ, ಅಂಚು ಕತ್ತರಿಸಿಟ್ಟಷ್ಟು ನೇರ. ಮೇಸ್ತ್ರಿ ರೇಯೊ ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ಅಂಗೈ ಒತ್ತಿ ನೋಡುತ್ತಿದ್ದ. "ಕೊಳವೆ ಸರಿಯಾಗೇ ಇದೆ. ಅಡಿಯಲ್ಲಿ ಥರ್ಮೋಕೋಲ್ ಇಲ್ಲ ಇಲ್ಲಿ, ಯಾರೋ ತೆಗೆದಿದ್ದಾರೆ. ಅದಿಲ್ಲದಿದ್ರೆ ಬಿಸಿ ಮೇಲಕ್ಕೆ ಬರಲ್ಲ, ಎಲ್ಲಾ ಕೆಳಗಿದ್ದದ್ದಕ್ಕೇ ಹೋಗತ್ತೆ. ಇಲ್ಪೊ ಆವತ್ತು ಸಭೇಲಿ ಒಂದು ತುಂಡು ಕೈಯಲ್ಲಿ ಹಿಡ್ಕೊಂಡು ಇದನ್ನೇ ಹೇಳಿದ್ದಲ್ವಾ, ನೀವೂ ಇದ್ರಿ," ಎಂದ. ಆಮೇಲೆ ಸಿನಿಕ್ಕಾಳ ಕಡೆಗೂ ಔಲಿಸ್‌ನ ಕಡೆಗೂ ನೋಡಿ ದನಿ ತಗ್ಗಿಸಿದ. "ನಾಳೆವರೆಗೂ ಬಿಡಲ್ಲ, ಈಗ್ಲೇ ಕಲ್ಲು ಎಬ್ಬಿಸ್ತೀವಿ. ಇರ್ಯಾ ಬಿದ್ದದ್ದು ಇದೇ ಜಾಗ ಅಲ್ವಾ ಔಲಿಸ್? ಇನ್ನೊಬ್ರು ಬೀಳೋದು ಬೇಡ." ಹಾರೆ ತರಲು ಒಬ್ಬನನ್ನು ಓಡಿಸಿದ. ಜಾರದಿರಲೆಂದು ಸಿನಿಕ್ಕಾ ಔಲಿಸ್‌ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.